ಕಾಕ್‌ಪಿಟ್ ಚೆಕ್‌ಲಿಸ್ಟ್

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯವರು ಕೊಲ್ಲಿ ನಾಡುಗಳಿಗೆ ವಿಮಾನ ಹತ್ತುವುದು ಹೆಚ್ಚಾಗಿ ಮಂಗಳೂರಿನಲ್ಲಿ, ಇಲ್ಲವೇ ಕಣ್ಣೂರಿನಲ್ಲಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬಳಿ ಬೋಯಿಂಗ್ 737, ಏರ್‌ಬಸ್ ಎ320 ಎರಡೂ ಇವೆ. ಸೀಟಿನಲ್ಲಿ ಕುಳಿತವರಿಗೆ ಎರಡರ ನಡುವೆ ದೊಡ್ಡ ವ್ಯತ್ಯಾಸ ತೋರುವುದಿಲ್ಲವಾದರೂ ಪೈಲಟ್‌ಗಳ ಕೈ ಹೋಗುವ ಜಾಗ, ಕಣ್ಣು ಹುಡುಕುವ ಗುರುತು, ಕೆಲಸದ ಕ್ರಮ ಎಲ್ಲವೂ ಬೇರೆಯಾಗಿರುತ್ತವೆ.

ಚೆಕ್‌ಲಿಸ್ಟ್ ಎಂದರೆ ಮಾಡಬೇಕಾದ ಕೆಲಸಗಳ ಪಟ್ಟಿ ಎಂದು ಹಲವರು ತಿಳಿದಿರುತ್ತಾರೆ. ವಾಡಿಕೆಯ ಹಾರಾಟದಲ್ಲಿ ಅದು ಮಾಡಿ ಮುಗಿಸಿದ್ದನ್ನು ಖಾತರಿಪಡಿಸಿಕೊಳ್ಳುವ ಪಟ್ಟಿ. ಪೈಲಟ್‌ಗಳು ಮೊದಲು ನಿಗದಿತ ಕ್ರಮದಲ್ಲಿ, ನೆನಪಿನಿಂದಲೇ ಸ್ವಿಚ್‌ಗಳನ್ನು ಹೊಂದಿಸುತ್ತಾರೆ. ಇದಕ್ಕೆ ಫ್ಲೋ ಎನ್ನುತ್ತಾರೆ. ಬಳಿಕ ಒಬ್ಬರು ಪಟ್ಟಿಯನ್ನು ಓದುತ್ತಾರೆ, ಇನ್ನೊಬ್ಬರು ಆಯಾ ಉಪಕರಣವನ್ನು ಕಣ್ಣಾರೆ ನೋಡಿ ಉತ್ತರಿಸುತ್ತಾರೆ. 1935ರಲ್ಲಿ ಅಮೆರಿಕದ ಓಹಾಯೊದಲ್ಲಿ ಬೋಯಿಂಗ್ ಮಾಡೆಲ್ 299 ವಿಮಾನವು ವಿಮಾನವನ್ನು ಏರಿಳಿಸುವ, ತಿರುಗಿಸುವ ಚಲಿಸುವ ಫಲಕಗಳ ಬೀಗ ತೆಗೆಯದೆ ಮೇಲೇರಿ ಬಿದ್ದ ಮೇಲೆ ಈ ಪದ್ಧತಿ ಬೇರೂರಿತು.

ಪಟ್ಟಿಯಲ್ಲಿ ಏನಿರಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ವಿಮಾನದ ರಚನೆ. 737-800ರಲ್ಲಿ ಎಂಜಿನ್ ಚಾಲೂ ಮಾಡುವಾಗ ಪೈಲಟ್ ತಿರುಗುವಿಕೆಯ ಮಾಪಕವನ್ನು ನೋಡುತ್ತಿದ್ದು, ಅದು ಸುಮಾರು 25 ಶೇಕಡಕ್ಕೆ ಬಂದಾಗ ತಾನೇ ಇಂಧನದ ಲಿವರ್ ಎತ್ತುತ್ತಾನೆ. ಎ320ಯಲ್ಲಿ ಮಾಸ್ಟರ್ ಸ್ವಿಚ್ ಹಾಕಿದರೆ ಇಂಧನ, ಕಿಡಿ ಎರಡನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಪೈಲಟ್‌ನ ಪಾಲಿಗೆ ಉಳಿಯುವುದು ನಿಗಾ. ಇಳಿಯುವ ಹೊತ್ತಿನಲ್ಲಿ ಎ320ಯ ಪರದೆಯ ಮೇಲೆಯೇ ಚಕ್ರ, ಸ್ಪಾಯ್ಲರ್ (ರೆಕ್ಕೆಯ ಮೇಲೆ ಎದ್ದು ವೇಗ ತಗ್ಗಿಸುವ ಫಲಕ), ಫ್ಲ್ಯಾಪ್‌ಗಳ (ರೆಕ್ಕೆಯ ಅಂಚಿನಲ್ಲಿ ಇಳಿಬಿಡುವ ಫಲಕ) ಸಾಲುಗಳು ಮೂಡಿ, ಬಾಕಿ ಇರುವುದು ನೀಲಿಯಾಗಿಯೂ ಮುಗಿದದ್ದು ಹಸಿರಾಗಿಯೂ ಕಾಣುತ್ತದೆ. ಎ320ಯಲ್ಲಿ ದೋಷ ಕಂಡುಬಂದರೆ ಪರಿಹಾರದ ಹೆಜ್ಜೆಗಳೂ ಅಲ್ಲೇ ಬರುತ್ತವೆ, 737-800ರಲ್ಲಾದರೆ ಕೈಪಿಡಿ ತೆರೆಯಬೇಕು.

ಪ್ರೊಪೆಲ್ಲರ್‌ಗಳಿಂದ ಹಾರುವ ಸಣ್ಣ ಪ್ರಯಾಣಿಕ ವಿಮಾನ ಎಟಿಆರ್ 72ರ ರೀತಿಯೇ ಬೇರೆ. ನಿಲ್ದಾಣದಲ್ಲಿ ವಿದ್ಯುತ್ ಒದಗಿಸುವ ಪ್ರತ್ಯೇಕ ಸಣ್ಣ ಎಂಜಿನ್ ಅದಕ್ಕಿಲ್ಲದ ಕಾರಣ, ಬಲಗಡೆಯ ಎಂಜಿನ್ ಓಡುತ್ತಿರುವಾಗಲೇ ಅದರ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ನಿಲ್ಲಿಸುತ್ತಾರೆ. ಹೋಟೆಲ್ ಮೋಡ್ ಎಂಬ ಈ ಕ್ರಮ ಜೆಟ್ ವಿಮಾನದ ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲ.

ಆದ್ದರಿಂದಲೇ ಇಂಥ ಪ್ರತಿ ಬಗೆಯ ವಿಮಾನಕ್ಕೂ ಟೈಪ್ ರೇಟಿಂಗ್ ಎಂಬ ಅರ್ಹತೆ ಬೇಕು. ಕಾಕ್‌ಪಿಟ್ ಬಹುತೇಕ ಒಂದೇ ಆಗಿರುವ ಎ319, ಎ320, ಎ321ಗಳಿಗೆ ಒಂದೇ ಅರ್ಹತೆ ಸಾಕಾಗುತ್ತದೆ. 737ರಿಂದ ಎ320ಗೆ ಬರುವವರು ಎಷ್ಟೇ ಅನುಭವಿಗಳಾದರೂ ಸಿಮ್ಯುಲೇಟರ್‌ನಲ್ಲಿ ಕುಳಿತು ಫ್ಲೋಗಳನ್ನು ಹೊಸದಾಗಿ ರೂಢಿಸಿಕೊಂಡು ಪರೀಕ್ಷೆ ಕೊಡಬೇಕು.