ನೆಟ್ ಝೀರೋದಲ್ಲಿ ಆ 'ನೆಟ್' ಎಲ್ಲಿಂದ ಬಂತು? ಬ್ರಿಟನ್ ಉದಾಹರಣೆ

ನೆಟ್ ಝೀರೋ, ಅಂದರೆ ನಿವ್ವಳ ಶೂನ್ಯ. ಹೊಗೆ ಪೂರ್ತಿ ನಿಂತುಹೋಗುತ್ತದೆ ಅಂತ ಇದರ ಅರ್ಥ ಅಲ್ಲ. ಗಾಳಿಗೆ ಎಷ್ಟು ಹಸಿರುಮನೆ ಅನಿಲ ಬಿಡುತ್ತೇವೋ ಅಷ್ಟನ್ನೇ ವಾಪಸ್ ಹೀರಿಕೊಳ್ಳಬೇಕು. ಹೀರುವ ಕೆಲಸದಲ್ಲಿ ದೊಡ್ಡ ಪಾಲು ಕಾಡು ಮತ್ತು ಮಣ್ಣಿನದು. ಪ್ರಕೃತಿಯ ಚೇತರಿಕೆಯನ್ನು ಬೇರೆ ಅಧ್ಯಾಯ ಅಂತ ಬಿಟ್ಟುಬಿಟ್ಟರೆ ಈ ವಿಷಯ ಅರ್ಧವೇ ಅರ್ಥವಾಗುವುದು ಇದಕ್ಕೇ.

ಮೊದಲು ಕಾನೂನು. ಬ್ರಿಟನ್ 2008ರಲ್ಲಿ ಹವಾಮಾನ ಬದಲಾವಣೆ ಕಾಯ್ದೆ ತಂದಿತು. 1990ಕ್ಕೆ ಹೋಲಿಸಿದರೆ 2050ರ ಹೊತ್ತಿಗೆ ಶೇ. 80 ಕಡಿತ ಅನ್ನುವುದು ಆಗಿನ ಗುರಿ. 2019ರಲ್ಲಿ ಅದನ್ನು ನಿವ್ವಳ ಶೂನ್ಯಕ್ಕೆ ಏರಿಸಿದರು. ಗುರಿಯ ವರ್ಷ ಎಲ್ಲರಿಗೂ ನೆನಪಿರುತ್ತದೆ, ಆದರೆ ಕಾಯ್ದೆಯ ಜೀವ ಇರುವುದು 'ಕಾರ್ಬನ್ ಬಜೆಟ್'ನಲ್ಲಿ. ದೇಶ ಬಿಡಬಹುದಾದ ಅನಿಲಕ್ಕೆ ಐದೈದು ವರ್ಷಕ್ಕೆ ಒಂದು ಮಿತಿ. ಮೊದಲನೆಯದು 2008–2012, ಆರನೆಯದು 2033–2037. ಇವನ್ನು ಸುಮಾರು 12 ವರ್ಷ ಮುಂಚೆಯೇ ಕಾನೂನಾಗಿ ನಿಗದಿ ಮಾಡುತ್ತಾರೆ. ಸರ್ಕಾರ ಬದಲಾದರೂ ಮಿತಿ ಉಳಿಯುತ್ತದೆ. ಹವಾಮಾನ ಬದಲಾವಣೆ ಸಮಿತಿ ಅನ್ನುವ ಸ್ವತಂತ್ರ ಸಂಸ್ಥೆ ಸಲಹೆ ಕೊಡುತ್ತದೆ, ಪ್ರತಿವರ್ಷ ಪ್ರಗತಿಯ ವರದಿಯನ್ನು ಸಂಸತ್ತಿಗೆ ಒಪ್ಪಿಸುತ್ತದೆ. ನನಗೆ ಇಡೀ ಕಾಯ್ದೆಯಲ್ಲಿ ತುಂಬ ಇಷ್ಟವಾದದ್ದು ಈ ಏರ್ಪಾಡು.

ವಿದ್ಯುತ್ ವಿಷಯದಲ್ಲಿ ಫಲ ಕಣ್ಣಿಗೆ ಕಾಣುತ್ತದೆ. 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಶುರುವಾಗಿತ್ತು. 2024ರ ಸೆಪ್ಟೆಂಬರ್ 30ರಂದು ದೇಶದ ಅಂಥ ಕೊನೆಯ ಸ್ಥಾವರ ರಾಟ್‌ಕ್ಲಿಫ್ ಮುಚ್ಚಿತು. ಮನೆ ಬೆಚ್ಚಗಿಡುವ ಗ್ಯಾಸ್, ವಾಹನ, ಕೃಷಿ ಇವುಗಳಲ್ಲಿ ಇನ್ನೂ ಕೆಲಸ ಜಾಸ್ತಿ ಬಾಕಿ ಇದೆ.

ಪ್ರಕೃತಿಗೆ 2021ರ ಪರಿಸರ ಕಾಯ್ದೆ ಇದೆ. ಇಂಗ್ಲೆಂಡಿನಲ್ಲಿ 2030ರೊಳಗೆ ಜೀವಿಗಳ ಸಂಖ್ಯೆಯ ಕುಸಿತ ನಿಲ್ಲಿಸಬೇಕು ಅನ್ನುತ್ತದೆ ಅದು. 2024ರ ಫೆಬ್ರವರಿಯಿಂದ ಅಲ್ಲಿ ದೊಡ್ಡ ಕಟ್ಟಡ ಯೋಜನೆಗಳು ಮುಂಚೆ ಇದ್ದ ಜೀವಿಗಳ ನೆಲೆಗಿಂತ ಶೇ. 10 ಹೆಚ್ಚು ನೆಲೆ ಇರುವಂತೆ ಬೆಳೆಸಿ, 30 ವರ್ಷ ಕಾಪಾಡಬೇಕು.

ಎರಡೂ ಕಾಯ್ದೆಗಳನ್ನು ಯಾಕೆ ಜೊತೆಗಿಟ್ಟು ಓದಬೇಕು? ಗಿಡ ನೆಟ್ಟರೆ ಸಾಕಲ್ವಾ? ಇದಕ್ಕೆ ಉತ್ತರ ಸ್ಕಾಟ್ಲೆಂಡಿನ ಉತ್ತರ ಭಾಗದ ಫ್ಲೋ ಕಂಟ್ರಿಯಲ್ಲಿದೆ. ಅದು ಸುಮಾರು 4000 ಚದರ ಕಿಲೋಮೀಟರಿನ ಜೌಗು ನೆಲ. ನೀರು ನಿಂತಿರುವುದರಿಂದ ಸತ್ತ ಪಾಚಿ ಅಲ್ಲಿ ಪೂರ್ತಿ ಕೊಳೆಯುವುದಿಲ್ಲ. ಸಾವಿರಾರು ವರ್ಷ ಪದರ ಪದರವಾಗಿ ಕೂತು ಪೀಟ್ ಆಗುತ್ತದೆ. ಅದರ ಇಂಗಾಲವೂ ಅಲ್ಲೇ ಉಳಿಯುತ್ತದೆ. 1970–80ರ ದಶಕಗಳಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಅಲ್ಲಿ ಕಾಲುವೆ ತೋಡಿ ನೀರು ಬಸಿದರು, ಸೂಚಿಪರ್ಣಿ ಮರಗಳನ್ನು ಸಾಲಾಗಿ ನೆಟ್ಟರು. ನೆಲ ಒಣಗಿತು, ಗಾಳಿ ಒಳಗೆ ಹೋಯಿತು, ಪೀಟ್ ಕೊಳೆಯತೊಡಗಿ ಇಂಗಾಲ ಹೊರಬಂತು. ಜೌಗನ್ನೇ ನಂಬಿದ್ದ ಹಕ್ಕಿಗಳೂ ನೆಲೆ ಕಳೆದುಕೊಂಡವು. 1988ರಲ್ಲಿ ಆ ರಿಯಾಯಿತಿ ರದ್ದಾಯಿತು. ಆಮೇಲೆ ಅನೇಕ ಕಡೆ ಆ ಮರಗಳನ್ನು ಕಡಿದು, ಕಾಲುವೆಗೆ ಅಡ್ಡ ಕಟ್ಟಿ, ನೆಲವನ್ನು ಮತ್ತೆ ಒದ್ದೆ ಮಾಡುತ್ತಾ ಬಂದಿದ್ದಾರೆ. 2024ರಲ್ಲಿ ಈ ಪ್ರದೇಶದ ಒಂದು ಭಾಗ ವಿಶ್ವ ಪರಂಪರೆಯ ತಾಣವಾಯಿತು.

ಚೇತರಿಕೆ ನಿಧಾನ. ಅಲ್ಲಿ ಅಳೆದು ನೋಡಿದಾಗ, ಮರ ಕಡಿದು 10 ವರ್ಷವಾದ ಜಾಗ ಇನ್ನೂ ಇಂಗಾಲ ಬಿಡುತ್ತಲೇ ಇತ್ತು. 16 ವರ್ಷವಾದ ಜಾಗ ಹೀರಲು ಶುರುಮಾಡಿತ್ತು.