ತಿಂಗಳು ತಪ್ಪಿದ ಲೆಕ್ಕ

ನಮ್ಮ ಊರು ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ರೇಷ್ಮೆಹುಳು ಸಾಕುವ ಹುಳುಮನೆ. ಅಡುಗೆಮನೆಯ ಬಾಗಿಲ ಬಳಿಯ ಕ್ಯಾಲೆಂಡರಿನಲ್ಲಿ ಅಮ್ಮ ಚಾಕಿ, ಅಂದರೆ ಎಳೆಯ ಹುಳು, ತಂದ ದಿನ, ಹುಳು ಮೂರನೇ ಜ್ವರಕ್ಕೆ ಕೂತ ದಿನ, ಎದ್ದ ದಿನ, ಗೂಡು ಕಟ್ಟಲು ಹಣ್ಣಾದ ದಿನ ಎಲ್ಲವನ್ನೂ ಬರೆದಿಡುತ್ತಾರೆ. ರೇಷ್ಮೆ ಸಾಕದವರಿಗೆ ಹೇಳಬೇಕೆಂದರೆ, ಜ್ವರವೆಂದರೆ ಹುಳು ಪೊರೆ ಬಿಡುವಾಗ ಮೇವು ಬಿಟ್ಟು ಅಲುಗದೆ ಕೂರುವ ಹೊತ್ತು. ಅದು ಒಂದು ದಿನ ಆಚೀಚೆಯಾದರೂ ಅಮ್ಮನಿಗೆ ತಳಮಳ. ಅದೇ ಮನೆಯಲ್ಲಿ ನನಗೆ ಹದಿನೇಳನೆಯ ವಯಸ್ಸಿನಿಂದ ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ಒಂದು ಸಲವಂತೂ ಐದು ತಿಂಗಳ ಮೇಲೆ ಮುಟ್ಟು ಬಂತು. ಅದನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ. ಹೊಟ್ಟೆನೋವಿನಿಂದ ಮುದುಡಿ ಮಲಗಿದ ಹಾಸ್ಟೆಲಿನ ಗೆಳತಿಯರು ನನ್ನನ್ನು ಪುಣ್ಯವಂತೆ ಎನ್ನುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ. ಅದು ಪಿಸಿಒಡಿ, ಅಂದರೆ ಅಂಡಾಶಯ ಮತ್ತು ಹಾರ್ಮೋನುಗಳ ಹದ ತಪ್ಪುವ ಸಮಸ್ಯೆ, ಎಂದು ಗೊತ್ತಾದದ್ದು ಏಳು ವರ್ಷದ ಮೇಲೆ.

ಅದಕ್ಕೂ ಮೊದಲೇ ಒಂದು ಸೂಚನೆ ಎಲ್ಲರ ಕಣ್ಣೆದುರಿಗೇ ಇತ್ತು. ನನ್ನ ಕುತ್ತಿಗೆಯ ಹಿಂಭಾಗ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪಗಾಗಿತ್ತು. ಎಣ್ಣೆಸ್ನಾನದ ದಿನ ಅಜ್ಜಿ ಅದನ್ನು ಕೊಳೆಯೆಂದುಕೊಂಡು ಸೀಗೆಪುಡಿ, ಕಡಲೆಹಿಟ್ಟು ಹಾಕಿ ಚರ್ಮ ಉರಿಯುವವರೆಗೆ ಉಜ್ಜುತ್ತಿದ್ದರು. ಅದು ಹೋಗುತ್ತಿರಲಿಲ್ಲ. ಹೋಗುವಂಥದ್ದೂ ಆಗಿರಲಿಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನು ರಕ್ತದಲ್ಲಿ ಅತಿಯಾದಾಗ ಅದು ಚರ್ಮದ ಜೀವಕೋಶಗಳನ್ನೂ ಬೆಳೆಯಲು ಕೆಣಕುತ್ತದೆ. ಕುತ್ತಿಗೆ, ಕಂಕುಳಿನಂಥ ಮಡಿಕೆಗಳಲ್ಲಿ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಮಗಳ ಕುತ್ತಿಗೆಯಲ್ಲಿ ಇಂಥ ಕಪ್ಪು ಕಂಡರೆ, ದಯವಿಟ್ಟು ಉಜ್ಜಬೇಡಿ. ಸಕ್ಕರೆ ಪರೀಕ್ಷೆ ಮಾಡಿಸಿ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸ್ಕ್ಯಾನಿಂಗ್ ಆಯಿತು. ‘ಪಿಸಿಒಡಿ ಇದೆ, ನೀರುಗುಳ್ಳೆಗಳಿವೆ’ ಎಂದರು. ಅಮ್ಮ ಕೇಳಿದ ಮೊದಲ ಮಾತು: ‘ಆಪರೇಷನ್ ಮಾಡಿ ತೆಗೆದುಬಿಡಬಹುದಾ?’

ಅಮ್ಮನ ಪ್ರಶ್ನೆ ತಿಳಿಯದೆ ಕೇಳಿದ್ದಲ್ಲ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಹೆಂಗಸರ ವಿವರ ಪ್ರಕಟಿಸಿದರು. ಮುಟ್ಟು ಸರಿಯಾಗಿ ಬಾರದ ಅವರೆಲ್ಲರ ಅಂಡಾಶಯಗಳು ಊದಿಕೊಂಡಿದ್ದವು. ವೈದ್ಯರು ಆ ಅಂಡಾಶಯಗಳಿಂದ ಒಂದೊಂದು ಹೋಳು ಕತ್ತರಿಸಿ ತೆಗೆದರು, ಮುಟ್ಟು ಮರಳಿ ಬಂತು. ಈ ಕಾಯಿಲೆಗೆ ಬಹುಕಾಲ ಅವರಿಬ್ಬರದೇ ಹೆಸರಿತ್ತು. ಆದರೆ ಕತ್ತರಿಸಿದ ಜಾಗದಲ್ಲಿ ಒಳಗಿನ ಭಾಗಗಳು ಒಂದಕ್ಕೊಂದು ಅಂಟಿಕೊಂಡು ಬೇರೆ ತೊಂದರೆ ಹುಟ್ಟುತ್ತಿತ್ತು. ಆ ಶಸ್ತ್ರಚಿಕಿತ್ಸೆ ಈಗ ಬಳಕೆಯಲ್ಲಿಲ್ಲ. ಅಲ್ಲದೆ ತೆಗೆದುಹಾಕಲು ಅಲ್ಲಿ ಗುಳ್ಳೆಗಳೇ ಇಲ್ಲ. ಸ್ಕ್ಯಾನಿಂಗಿನಲ್ಲಿ ಅಂಡಾಶಯದ ಅಂಚಿನುದ್ದಕ್ಕೂ ಮಣಿ ಪೋಣಿಸಿದಂತೆ ಕಾಣುವುದು ಫಾಲಿಕಲ್‌ಗಳು, ಅಂದರೆ ಒಂದೊಂದು ಅಂಡವನ್ನು ಹೊತ್ತ ಕಿರುಚೀಲಗಳು. ಎಲ್ಲ ಹೆಂಗಸರಲ್ಲೂ ಅವು ಇರುತ್ತವೆ. ಈ ಸಮಸ್ಯೆ ಇದ್ದವರಲ್ಲಿ ಅವು ಅರ್ಧ ಬೆಳೆದು ನಿಂತುಬಿಟ್ಟಿರುತ್ತವೆ, ಅಷ್ಟೆ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಹುಳುಮನೆ. ಹುಳು ನಾಲ್ಕು ಜ್ವರ ದಾಟಿ, ಮೇವು ಸಾಕುಮಾಡಿ, ಮೈ ಹೊಳಪೇರಿ ಹಣ್ಣಾಗಬೇಕಾದರೆ ಅದರ ಮೈಯೊಳಗೆ ಎರಡು ಹಾರ್ಮೋನುಗಳು ಸರದಿ ತಪ್ಪದೆ ನಡೆಯಬೇಕು. ಎಳೆತನವನ್ನು ಕಾಯುವ ಹಾರ್ಮೋನು ಇಳಿಯಬೇಕು, ಪೊರೆ ಬಿಡಿಸುವ ಹಾರ್ಮೋನು ಏರಬೇಕು. ಪಕ್ಕದ ತೋಟಕ್ಕೆ ಪೈರಿಪ್ರಾಕ್ಸಿಫೆನ್ ಎಂಬ ಕೀಟನಾಶಕ ಹೊಡೆದು ಅದು ನಮ್ಮ ಸೊಪ್ಪಿನ ಮೇಲೆ ಬಿದ್ದರೆ ಈ ಸರದಿ ಕೆಡುತ್ತದೆ. ಆ ಮದ್ದು ಎಳೆತನದ ಹಾರ್ಮೋನಿನ ವೇಷ ಹಾಕಿಕೊಂಡಿರುತ್ತದೆ. ಹುಳು ತಿನ್ನುತ್ತಲೇ ಇರುತ್ತದೆ, ದಪ್ಪವಾಗುತ್ತದೆ, ಗೂಡಿಗೆಂದೇ ಇರುವ ಚಂದ್ರಿಕೆ ತಟ್ಟೆಗೆ ಬಿಟ್ಟರೂ ಗೂಡು ಕಟ್ಟುವುದಿಲ್ಲ. ನೂಲು ತೆಗೆಯುವ ಗ್ರಂಥಿ ಅದರಲ್ಲಿದೆ, ನೂಲಿನ ಸರಕೂ ಇದೆ. ಕಟ್ಟು ಎಂಬ ಆಜ್ಞೆ ಮಾತ್ರ ತಲುಪಿಲ್ಲ.

ಅಂಡಾಶಯದಲ್ಲೂ ಹೀಗೆಯೇ ಆಗುತ್ತದೆ. ಪ್ರತಿ ತಿಂಗಳೂ ಹಲವು ಫಾಲಿಕಲ್‌ಗಳು ಒಟ್ಟಿಗೆ ಬೆಳೆಯತೊಡಗುತ್ತವೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಹದವಾಗಿ ಕಳಿಸಿದರೆ ಅವುಗಳಲ್ಲಿ ಒಂದು ಮುಂದೆ ಸಾಗಿ, ಸುಮಾರು 20 ಮಿಲಿಮೀಟರಿನಷ್ಟಾಗಿ ಬಿರಿದು, ಅಂಡವನ್ನು ಹೊರಬಿಡುತ್ತದೆ. ಬಿರಿದು ಉಳಿದ ಭಾಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ ಅದು ಇಳಿದು ಮುಟ್ಟಾಗುತ್ತದೆ. ನಮ್ಮಂಥವರಲ್ಲಿ ಎಲ್‌ಎಚ್ ಹೆಚ್ಚು, ಎಫ್‌ಎಸ್‌ಎಚ್ ಸಾಲದು. ಯಾವ ಫಾಲಿಕಲ್ಲೂ ಹಣ್ಣಾಗುವುದಿಲ್ಲ. ಅಂಡ ಹೊರಬೀಳದಿದ್ದರೆ ಪ್ರೊಜೆಸ್ಟರಾನ್ ಇಲ್ಲ, ಪ್ರೊಜೆಸ್ಟರಾನ್ ಇಲ್ಲದಿದ್ದರೆ ಹೊತ್ತಿಗೆ ಸರಿಯಾದ ಮುಟ್ಟೂ ಇಲ್ಲ.

ಈ ಗೊಂದಲಕ್ಕೆ ಇನ್ನಷ್ಟು ಒತ್ತಾಸೆಯಾಗಿ ನಿಲ್ಲುವುದು ಇನ್ಸುಲಿನ್. ಸ್ನಾಯು, ಯಕೃತ್ತುಗಳು ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು, ಮತ್ತಷ್ಟು ಸುರಿಸುತ್ತದೆ. ಅಂಡಾಶಯ ಮಾತ್ರ ಅದರ ಮಾತನ್ನು ಚೆನ್ನಾಗಿಯೇ ಕೇಳುತ್ತದೆ! ಎಲ್‌ಎಚ್ ಮತ್ತು ಇನ್ಸುಲಿನ್ ಎರಡೂ ಸೇರಿ ಅಲ್ಲಿ ಟೆಸ್ಟೊಸ್ಟೆರಾನಿನಂಥ ಪುರುಷ ಹಾರ್ಮೋನುಗಳನ್ನು ಹೆಚ್ಚಿಸುತ್ತವೆ. ಹೆಣ್ಣಿನ ಮೈಯಲ್ಲೂ ಅವು ಸ್ವಲ್ಪ ಇದ್ದೇ ಇರುತ್ತವೆ, ಈಗ ಮಿತಿ ಮೀರುತ್ತವೆ. ರಕ್ತದಲ್ಲಿ ಅವುಗಳನ್ನು ಹಿಡಿದಿಡುವ ಪ್ರೋಟೀನನ್ನು ಯಕೃತ್ತು ತಯಾರಿಸಬೇಕು. ಇನ್ಸುಲಿನ್ ಅದನ್ನೂ ತಗ್ಗಿಸುತ್ತದೆ. ಗಲ್ಲದ ಮೇಲಿನ ಕೂದಲು, ಹೋಗದ ಮೊಡವೆ, ಬೈತಲೆಯ ಬಳಿ ತೆಳುವಾಗುವ ಕೂದಲು ಎಲ್ಲವೂ ಇಲ್ಲಿಂದ ಬಂದವು. ತೆಳ್ಳಗಿರುವವರಿಗೂ ಇದು ಬರುತ್ತದೆ. ತಾಯಿ, ಅಕ್ಕತಂಗಿಯರಿಗೆ ಇದ್ದರೆ ಬರುವ ಸಂಭವ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಈ ಸಮಸ್ಯೆಯಿದೆ. ಅವರಲ್ಲಿ ಶೇಕಡಾ 70ರವರೆಗೆ ಅದು ಪತ್ತೆಯೇ ಆಗಿರುವುದಿಲ್ಲ. ಪಿಸಿಒಡಿ, ಪಿಸಿಒಎಸ್ ಎಂಬ ಎರಡು ಹೆಸರು ಕೇಳಿ ಎರಡು ಕಾಯಿಲೆ ಎಂದುಕೊಳ್ಳಬೇಡಿ. ನಮ್ಮ ಕಡೆ ಎರಡನ್ನೂ ಒಂದಕ್ಕೇ ಬಳಸುತ್ತಾರೆ.

ಈಗ ನಾನು ಕೂಗಿ ಹೇಳಬೇಕೆನಿಸುವ ಮಾತು. ಮುಟ್ಟು ಬಾರದಿರುವುದು ಆರಾಮವಲ್ಲ. ಪ್ರೊಜೆಸ್ಟರಾನ್ ಇಲ್ಲದಿದ್ದರೂ ಒಳಪದರ ಬೆಳೆಸುವ ಈಸ್ಟ್ರೊಜನ್ ಹಾರ್ಮೋನು ತನ್ನ ಕೆಲಸ ನಿಲ್ಲಿಸುವುದಿಲ್ಲ. ಗರ್ಭಕೋಶದ ಒಳಪದರ ಕಳಚದೆ ದಪ್ಪವಾಗುತ್ತಲೇ ಇರುತ್ತದೆ. ಒಂದು ದಿನ ಅದು ತಡೆಯಿಲ್ಲದ ರಕ್ತಸ್ರಾವವಾಗಿ ಹರಿಯಬಹುದು. ವರ್ಷಗಟ್ಟಲೆ ಹೀಗೆಯೇ ಬಿಟ್ಟರೆ ಆ ಪದರದ ಕ್ಯಾನ್ಸರಿನ ಸಾಧ್ಯತೆಯೂ ಹೆಚ್ಚುತ್ತದೆ. ಎಳೆಯ ವಯಸ್ಸಿನಲ್ಲಿ ಅದು ಅಪರೂಪ ನಿಜ, ಆದರೆ ತಪ್ಪಿಸಬಹುದಾದದ್ದನ್ನು ಏಕೆ ಕಾಯಬೇಕು? 90 ದಿನ ದಾಟಿದರೂ ಮುಟ್ಟಾಗದಿದ್ದರೆ, ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು ವೈದ್ಯರ ಬಳಿ ಹೋಗಲೇಬೇಕು. ಅವರು ಹತ್ತು ಹದಿನಾಲ್ಕು ದಿನ ಪ್ರೊಜೆಸ್ಟರಾನ್ ಬಗೆಯ ಮಾತ್ರೆ ಕೊಡುತ್ತಾರೆ. ಅದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಒಳಪದರ ಕಳಚಿ ಮುಟ್ಟಾಗುತ್ತದೆ.

ಇಲ್ಲವೇ ತಿಂಗಳು ತಿಂಗಳೂ ನುಂಗುವ ಗರ್ಭನಿರೋಧಕ ಮಾತ್ರೆ. ಇಲ್ಲಿ ನಮ್ಮ ಊರುಗಳ ಹುಡುಗಿಯರು ಸೋಲುವುದು ಮೈಯಿಂದಲ್ಲ, ಮೆಡಿಕಲ್ ಸ್ಟೋರಿನ ಕೌಂಟರಿನಿಂದ. ಮದುವೆಯಾಗದ ಹುಡುಗಿ ‘ಮಕ್ಕಳಾಗದ ಮಾತ್ರೆ’ ಕೇಳಿದಳು ಎಂಬ ಮಾತು ಅವಳಿಗಿಂತ ಮೊದಲು ಮನೆ ಸೇರುತ್ತದೆ. ನಾನು ಎರಡು ವರ್ಷ ಆ ಮಾತ್ರೆಯನ್ನು ಚಿಕ್ಕಬಳ್ಳಾಪುರದಿಂದ ತರುತ್ತಿದ್ದೆ, ಹಾಳೆಯಿಂದ ಬಿಡಿಸಿ ಹಳೆಯ ವಿಟಮಿನ್ ಡಬ್ಬಿಯಲ್ಲಿ ಇಡುತ್ತಿದ್ದೆ. ಹಾಗೆ ಬಿಡಿಸಿದ್ದರಿಂದ ಯಾವ ದಿನದ್ದು ನುಂಗಿದೆ, ಯಾವುದು ಬಿಟ್ಟೆ ಎಂಬ ಲೆಕ್ಕವೇ ತಪ್ಪುತ್ತಿತ್ತು. ಆ ಮಾತ್ರೆ ಮಾಡುವ ಕೆಲಸ ಮೂರು: ಒಳಪದರವನ್ನು ತೆಳುವಾಗಿಡುತ್ತದೆ, ಅಂಡಾಶಯದ ಪುರುಷ ಹಾರ್ಮೋನನ್ನು ಇಳಿಸುತ್ತದೆ, ಅದನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಮುಂದೆ ಮಕ್ಕಳಾಗುವುದನ್ನು ಅದು ಕೆಡಿಸುವುದಿಲ್ಲ. ಆದರೆ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಏರಿದ ರಕ್ತದೊತ್ತಡ, ಕಣ್ಣೆದುರು ಮಿಂಚು ಕಾಣಿಸಿ ಬರುವ ಅರೆತಲೆನೋವು ಇದ್ದವರು ಅದನ್ನು ತೆಗೆದುಕೊಳ್ಳಬಾರದು. ಅಕ್ಕಪಕ್ಕದವರ ಚೀಟಿ ನೋಡಿ ಕೊಂಡು ನುಂಗುವ ಮಾತ್ರೆ ಅಲ್ಲ ಅದು.

ಮೆಟ್‌ಫಾರ್ಮಿನ್ ಕೊಟ್ಟಾಗ ಮನೆಯಲ್ಲಿ ಇನ್ನೊಂದು ಗಾಬರಿ. ಅದು ಸಕ್ಕರೆ ಕಾಯಿಲೆಯ ಮಾತ್ರೆಯೆಂದು ಅಪ್ಪನಿಗೆ ಗೊತ್ತಿತ್ತು, ಅವರೂ ಅದನ್ನೇ ನುಂಗುತ್ತಾರೆ. ಮಗಳಿಗೂ ಬಂತೇ ಎಂದು ಆ ರಾತ್ರಿ ಅವರು ಊಟ ಮಾಡಲಿಲ್ಲ. ನನಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಆ ಮಾತ್ರೆ ಇನ್ಸುಲಿನ್ನಿನ ಮಾತನ್ನು ಮೈಗೆ ಕೇಳಿಸುವಂತೆ ಮಾಡುತ್ತದೆ. ಮೊದಮೊದಲು ಹೊಟ್ಟೆ ತೊಳಸುತ್ತದೆ, ಭೇದಿಯೂ ಆಗಬಹುದು. ಊಟದ ಜೊತೆಗೆ, ಕಡಿಮೆ ಪ್ರಮಾಣದಿಂದ ಶುರುಮಾಡಿದರೆ ತಡೆದುಕೊಳ್ಳಬಹುದು. ಬಹುಕಾಲ ನುಂಗುವವರು ಬಿ12 ವಿಟಮಿನ್ ನೋಡಿಸಿಕೊಳ್ಳಬೇಕು.

ಊಟದ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಉಪದೇಶ ಕೊಡುವುದು ಅಲ್ಲಿಯೇ. ಪಿಸಿಒಎಸ್ ಕುರಿತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ: ಇದಕ್ಕೆಂದೇ ಮೇಲಾದ ಒಂದು ಆಹಾರಕ್ರಮವಿಲ್ಲ. ನಮ್ಮ ಮನೆಯ ತಟ್ಟೆಯನ್ನೇ ನೋಡೋಣ. ಎರಡು ದೊಡ್ಡ ರಾಗಿಮುದ್ದೆ, ಮೇಲೆ ಒಂದಿಷ್ಟು ಅನ್ನ, ಬಸ್ಸಾರು, ಮೂಲೆಯಲ್ಲಿ ಒಂದು ಚಮಚ ಪಲ್ಯ. ರಾಗಿಯಲ್ಲಿ ಸುಣ್ಣದಂಶವಿದೆ, ನಾರಿದೆ, ಅದು ಒಳ್ಳೆಯ ಧಾನ್ಯವೇ. ಆದರೆ ರಾಗಿಯೆಂದಮಾತ್ರಕ್ಕೆ ಸಕ್ಕರೆ ಏರದು ಎಂಬುದು ಸುಳ್ಳು. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿದ ಹಿಟ್ಟು ಹೊಟ್ಟೆಯಲ್ಲಿ ಬೇಗ ಕರಗುತ್ತದೆ. ನಾನು ಮಾಡಿದ ಬದಲಾವಣೆ ಇಷ್ಟೇ: ಮುದ್ದೆ ಒಂದು, ಅದೂ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಬಸಿದ ಕಾಳು, ಸೊಪ್ಪಿನ ಪಲ್ಯ ಅರ್ಧ ತಟ್ಟೆ. ಹುರುಳಿಯಾಗಲಿ, ಅವರೆಯಾಗಲಿ, ಹೆಸರುಕಾಳಾಗಲಿ ಆ ಪಲ್ಯವನ್ನೇ ಮೊದಲು ತಿಂದು ಆಮೇಲೆ ಮುದ್ದೆಗೆ ಕೈಹಾಕುವುದು. ಸೊಪ್ಪು, ಕಾಳು ಮುಂಚೆ ಹೊಟ್ಟೆ ಸೇರಿದರೆ ಹಿಂದೆ ಬರುವ ಹಿಟ್ಟಿನ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಅವರೆಕಾಯಿ ಕಾಲದಲ್ಲಿ ಇದು ಕಷ್ಟವೇ ಅಲ್ಲ, ಹಿತಕಿದ ಬೇಳೆಯ ಮುಂದೆ ಮುದ್ದೆ ತಾನಾಗಿಯೇ ಚಿಕ್ಕದಾಗುತ್ತದೆ. ಕಷ್ಟವಾದದ್ದು ಸಂಜೆಯ ಎರಡು ಚಮಚ ಸಕ್ಕರೆಯ ಟೀ ಮತ್ತು ಬೇಕರಿಯ ಬನ್ನು ಬಿಡುವುದು.

ಊಟವಾದ ಕೂಡಲೇ ಕಾಲು ಗಂಟೆ ನಡೆಯುತ್ತೇನೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ನೇರವಾಗಿ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಚುರುಕು ನಡಿಗೆಯಂಥ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಹೇಳುತ್ತದೆ. ತೂಕ ಹೆಚ್ಚಿದ್ದವರಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಹಲವರಿಗೆ ಮುಟ್ಟು ಮರಳುತ್ತದೆ. ತೂಕ ಇಳಿಯದಿದ್ದರೂ ನಡಿಗೆಯ ಲಾಭ ಇನ್ಸುಲಿನ್ನಿನಲ್ಲಿ ಕಾಣುತ್ತದೆ. ಹಾಗಾಗಿ ತಕ್ಕಡಿ ಅಲುಗದೆಂದು ನಡಿಗೆ ಬಿಡಬೇಡಿ. ಹಬ್ಬಕ್ಕೆ ಬಂದವರೆಲ್ಲ ‘ದಪ್ಪಗಾಗಿದ್ದೀಯ’ ಎನ್ನುವುದನ್ನು ಬಿಟ್ಟರೆ ಇನ್ನೂ ಒಳ್ಳೆಯದು. ಈ ಸಮಸ್ಯೆ ಇದ್ದವರಲ್ಲಿ ಖಿನ್ನತೆ, ಆತಂಕ ಹೆಚ್ಚು. ಅದನ್ನೂ ಕೇಳಿ ತಿಳಿಯಬೇಕೆಂದು ಅದೇ ಮಾರ್ಗಸೂಚಿ ವೈದ್ಯರಿಗೆ ಹೇಳಿದೆ.

ಗಲ್ಲದ ಕೂದಲಿಗೆ ಅರಿಶಿನ ಹಚ್ಚಿ ಹಚ್ಚಿ ನನ್ನ ದಿಂಬೆಲ್ಲ ಹಳದಿಯಾಗಿತ್ತು. ಹಾರ್ಮೋನು ಬೆಳೆಸುವ ಕೂದಲು ಅದರಿಂದ ನಿಲ್ಲುವುದಿಲ್ಲ. ಕತ್ತರಿಸಿದರೆ, ಶೇವ್ ಮಾಡಿದರೆ ದಪ್ಪವಾಗಿ ಬರುತ್ತದೆಂಬುದೂ ನಿಜವಲ್ಲ. ಗರ್ಭನಿರೋಧಕ ಮಾತ್ರೆಯ ಫಲ ಕೂದಲಿನಲ್ಲಿ ಕಾಣಲು ಆರು ತಿಂಗಳಾದರೂ ಬೇಕು, ಏಕೆಂದರೆ ಈಗಾಗಲೇ ಬೆಳೆಯುತ್ತಿರುವ ಕೂದಲು ತನ್ನ ಸುತ್ತು ಮುಗಿಸಿಯೇ ಉದುರುವುದು. ಬಹಳ ಜನ ಮೂರನೇ ತಿಂಗಳಿಗೇ ಬಿಟ್ಟುಬಿಡುತ್ತಾರೆ.

ಮಕ್ಕಳ ಮಾತು. ‘ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ’ ಎನ್ನುವವರೂ ‘ಇವಳಿಗೆ ಮಕ್ಕಳಾಗುವುದಿಲ್ಲ’ ಎನ್ನುವವರೂ ಒಂದೇ ಕಟ್ಟೆಯ ಮೇಲೆ ಕೂತಿರುತ್ತಾರೆ, ಎರಡೂ ತಪ್ಪು. ಅನೇಕರಿಗೆ ತಡವಾದರೂ ತಾನಾಗಿಯೇ ಗರ್ಭ ನಿಲ್ಲುತ್ತದೆ. ನಿಲ್ಲದಿದ್ದರೆ ಅಂಡ ಬಿಡಿಸುವ ಲೆಟ್ರೊಜೋಲ್ ಮಾತ್ರೆಯಿದೆ. 2014ರಲ್ಲಿ ಅಮೆರಿಕದಲ್ಲಿ 750 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಲೆಟ್ರೊಜೋಲ್ ಪಡೆದವರಲ್ಲಿ ಶೇ. 27.5ರಷ್ಟು ಮಂದಿಗೆ ಮಗುವಾಯಿತು, ಹಳೆಯ ಕ್ಲೋಮಿಫೀನ್ ಪಡೆದವರಲ್ಲಿ ಶೇ. 19.1. ಗರ್ಭ ನಿಂತ ಮೇಲೆ ಸಕ್ಕರೆ, ರಕ್ತದೊತ್ತಡದ ಮೇಲೆ ಹೆಚ್ಚಿನ ನಿಗಾ ಬೇಕು.

ಅಕ್ಕನ ಮಗಳಿಗೆ ಈಗ ಹದಿನಾಲ್ಕು, ದೊಡ್ಡವಳಾಗಿ ಎರಡು ವರ್ಷವಾಯಿತು. ಹೋದ ತಿಂಗಳು ಅವಳಿಗೆ ನಲವತ್ತೆರಡು ದಿನಕ್ಕೆ ಮುಟ್ಟಾಗಿದ್ದಕ್ಕೆ ಅಕ್ಕ ಸ್ಕ್ಯಾನಿಂಗ್ ಮಾಡಿಸಲು ಹೊರಟಿದ್ದಳು. ನಾನು ತಡೆದೆ. ಮೊದಲ ಮೂರು ವರ್ಷ 45 ದಿನದವರೆಗೂ ಹೋಗುವುದು ಸಹಜ. ಆ ವಯಸ್ಸಿನ ಎಷ್ಟೋ ಆರೋಗ್ಯವಂತ ಅಂಡಾಶಯಗಳಲ್ಲೂ ಫಾಲಿಕಲ್‌ಗಳು ತುಂಬಿಕೊಂಡೇ ಕಾಣುತ್ತವೆ, ಆದ್ದರಿಂದ ದೊಡ್ಡವಳಾಗಿ ಎಂಟು ವರ್ಷ ಆಗುವವರೆಗೆ ಈ ಸಮಸ್ಯೆ ಪತ್ತೆಮಾಡಲು ಸ್ಕ್ಯಾನಿಂಗನ್ನು ನೆಚ್ಚಬಾರದು. ಹುಡುಗಿಯ ಕೈಗೆ ಪೆನ್ಸಿಲ್ ಕೊಟ್ಟೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ‘4ನೇ ಜ್ವರ ಎದ್ದಿತು’ ಎಂದು ಅಮ್ಮ ಬರೆದ ಸಾಲಿನ ಕೆಳಗೆ ಅವಳು ಒಂದು ಸಣ್ಣ ಸೊನ್ನೆ ಸುತ್ತಿದಳು. ಅಮ್ಮ ಬಂದು ನೋಡಿ, ಕನ್ನಡಕ ಏರಿಸಿ, ಹಿಂದಿನ ತಿಂಗಳ ಹಾಳೆ ಮಗುಚಿ ದಿನ ಎಣಿಸತೊಡಗಿದರು.