ಗೇರ್ ಕಪ್ಲಿಂಗ್ ಒಳಗೆ ಗ್ರೀಸ್ ಏನಾಗುತ್ತದೆ?

ಎರಡು ಯಂತ್ರಗಳ ತಿರುಗುವ ದಂಡಗಳನ್ನು, ಅಂದರೆ ಶಾಫ್ಟ್‌ಗಳನ್ನು, ಹಲ್ಲುಗಳ ಮೂಲಕ ಜೋಡಿಸುವುದು ಗೇರ್ ಕಪ್ಲಿಂಗ್. ಅದರ ಹಲ್ಲು ಸವೆದರೆ ಒಬ್ಬರು ಅಲೈನ್‌ಮೆಂಟ್ (ಶಾಫ್ಟ್‌ಗಳು ಒಂದೇ ನೇರದಲ್ಲಿರುವುದು) ಸರಿಯಿಲ್ಲ ಅನ್ನುತ್ತಾರೆ. ಇನ್ನೊಬ್ಬರು ಗ್ರೀಸ್ ಕಳಪೆ ಅನ್ನುತ್ತಾರೆ. ಮೂರನೆಯವರು ಈ ಕಪ್ಲಿಂಗೇ ಹಳೇ ಕಾಲದ್ದು, ಕಿತ್ತುಹಾಕಿ ಅನ್ನುತ್ತಾರೆ. ಮೂರೂ ಮಾತು ಬೇರೆ ಬೇರೆ ಕಾಲದಲ್ಲಿ ಹುಟ್ಟಿದವು.

ಉಜ್ಜಾಟಕ್ಕೆ ಲೆಕ್ಕವಿದೆ ಎಂದು 1699ರಲ್ಲಿ ಫ್ರೆಂಚ್ ವಿಜ್ಞಾನಿ ಅಮೊಂಟೊನ್ಸ್ ತೋರಿಸಿದ. ತಿರುಗುವ ಶಾಫ್ಟ್ ತಾನೇ ಎಣ್ಣೆಯನ್ನು ಎಳೆದುಕೊಂಡು ಅದರ ಪದರದ ಮೇಲೆ ತೇಲುತ್ತದೆ ಎಂದು 1886ರಲ್ಲಿ ಬ್ರಿಟಿಷ್ ವಿಜ್ಞಾನಿ ರೆನಾಲ್ಡ್ಸ್ ವಿವರಿಸಿದ. 20ನೇ ಶತಮಾನದ ಮೊದಲ ಭಾಗದಲ್ಲಿ ಎಂಜಿನಿಯರ್ ಗುಸ್ತಾವ್ ಫಾಸ್ಟ್ ಗೇರ್ ಕಪ್ಲಿಂಗ್ ತಂದ. ಎರಡು ಶಾಫ್ಟ್‌ನ ತುದಿಗೆ ಕೂರಿಸಿದ ಎರಡು ಹಬ್ (ಗುಂಬ), ಹಬ್ಬಿನ ಹೊರಗೆ ಹಲ್ಲು, ಅದನ್ನು ಮುಚ್ಚುವ ಸ್ಲೀವಿನ (ಕೊಳವೆಯಂಥ ಹೊದಿಕೆಯ) ಒಳಗೂ ಹಲ್ಲು.

ತೊಡಕು ಶುರುವಾಗುವುದು ಇಲ್ಲೇ. ಶಾಫ್ಟ್‌ಗಳು ಕೊಂಚ ಓರೆಯಿದ್ದರೆ ಪ್ರತಿ ಸುತ್ತಿಗೂ ಹಲ್ಲು ಒಮ್ಮೆ ಮುಂದೆ, ಒಮ್ಮೆ ಹಿಂದೆ ಜಾರುತ್ತದೆ. ಹಲ್ಲಿನ ವೃತ್ತದ ವ್ಯಾಸ 200 ಮಿ.ಮೀ., ಓರೆ 0.1 ಡಿಗ್ರಿ ಅಂದುಕೊಳ್ಳಿ. ಜಾರುವ ದೂರ ಸುಮಾರು 0.35 ಮಿ.ಮೀ. ನಿಮಿಷಕ್ಕೆ 3000 ಸುತ್ತು ತಿರುಗಿದರೂ ಆ ನಿಮಿಷದ ಒಟ್ಟು ಜಾರಾಟ ಸುಮಾರು 2 ಮೀಟರ್ ಅಷ್ಟೇ! ಜೊತೆಗೆ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸಲು ಹಲ್ಲು ನಿಲ್ಲುತ್ತದೆ. ರೆನಾಲ್ಡ್ಸ್ ಹೇಳಿದ ಪದರ ನಿಲ್ಲಬೇಕಾದರೆ ಓಟ ಬೇಕು, ಅಲ್ವಾ? ಇಲ್ಲಿ ಅದೇ ಇಲ್ಲ. ಹಾಗಾಗಿ ಲೋಹಕ್ಕೆ ಲೋಹ ಆಗಾಗ ತಾಗುತ್ತಲೇ ಇರುತ್ತದೆ. ದಪ್ಪ ಎಣ್ಣೆ, ಹೆಚ್ಚು ಒತ್ತಡ ತಡೆಯುವ ಸೇರಿಕೆಗಳು ಬೇಕಾಗುವುದು ಇದಕ್ಕೇ.

ಉಜ್ಜಾಟ ಹೆಚ್ಚಾದರೆ ಹಲ್ಲು ಸವೆಯುವುದು ಮಾತ್ರವಲ್ಲ. ಬಿಸಿಗೆ ಶಾಫ್ಟ್ ಉದ್ದವಾದಾಗ ಕಪ್ಲಿಂಗ್ ಜಾರಿ ಜಾಗ ಕೊಡಬೇಕು. ಸಿಕ್ಕಿಕೊಂಡರೆ ತಳ್ಳಾಟವೆಲ್ಲ ಥ್ರಸ್ಟ್ ಬೇರಿಂಗ್ (ಶಾಫ್ಟಿನ ಉದ್ದದ ತಳ್ಳಾಟ ತಡೆಯುವ ಬೇರಿಂಗ್) ಮೇಲೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕಂಪ್ರೆಸರ್‌ಗಳಿಗೆ ಮಾಡಿದ ನಿಯಮದಲ್ಲಿ ಈ ಲೆಕ್ಕಕ್ಕೆ ಉಜ್ಜಾಟದ ಗುಣಾಂಕ 0.25 ಹಿಡಿಯುತ್ತಾರೆ. ಮೇಲಿನ ಕಪ್ಲಿಂಗ್ 1000 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಸಾಗಿಸಿದರೆ ಅದು ಸುಮಾರು 250 ಕೆ.ಜಿ. ಭಾರದಷ್ಟು ತಳ್ಳಾಟ.

ಆದರೆ ನನ್ನ ಲೆಕ್ಕದಲ್ಲಿ ನಿಜವಾದ ಕಥೆ ಗ್ರೀಸಿನದು. ಅದೇ ಕಪ್ಲಿಂಗಿನ ಹಲ್ಲಿನ ಜಾಗದಲ್ಲಿ ಹೊರಗೆಸೆಯುವ ಬಲ ಭೂಮಿಯ ಸೆಳೆತದ ಸುಮಾರು 1000 ಪಟ್ಟು. ಗ್ರೀಸ್ ಅಂದರೆ ಎಣ್ಣೆ ಹಿಡಿದಿಟ್ಟ ಸೋಪು. ಸೋಪು ಎಣ್ಣೆಗಿಂತ ಭಾರ. ಅದು ಹೊರಗೆ ಸರಿದು ಹಲ್ಲಿನ ಸಂದಿಯಲ್ಲಿ ಕೂರುತ್ತದೆ. ಎಣ್ಣೆ ಒಳಗೆ ಸರಿದು ಸೀಲಿನ ಕಡೆ ದಾರಿ ಹುಡುಕುತ್ತದೆ. ಇಂಥ ಕಪ್ಲಿಂಗ್ ತೆರೆದರೆ ಹಲ್ಲಿನ ನಡುವೆ ಒಣಗಿದ, ಗಟ್ಟಿ ಮುದ್ದೆ. ಸ್ಕ್ರೂಡ್ರೈವರ್‌ನಿಂದ ಕೆರೆದು ತೆಗೆಯಬೇಕು. ಬೇರಿಂಗಿಗೆ ಹಾಕುವ ಗ್ರೀಸನ್ನೇ ಸುಮ್ನೆ ಇಲ್ಲಿಗೂ ಒತ್ತುತ್ತಿದ್ದ ಅಭ್ಯಾಸದ ಫಲ ಇದು.

ಆಮೇಲೆ ಕಪ್ಲಿಂಗಿಗೇ ಅಂತ ಗ್ರೀಸ್ ಬಂತು. ಪರೀಕ್ಷಾ ಮಾನದಂಡ ಮಾಡುವ ಎಎಸ್‌ಟಿಎಂ ಸಂಸ್ಥೆಯ ಡಿ4425 ಪರೀಕ್ಷೆಯಲ್ಲಿ ಗ್ರೀಸನ್ನು ಭೂಮಿಯ ಸೆಳೆತದ 36,000 ಪಟ್ಟು ಬಲದಲ್ಲಿ ಗಿರಗಿರ ತಿರುಗಿಸಿ ಎಷ್ಟು ಎಣ್ಣೆ ಬೇರೆಯಾಯಿತು ನೋಡುತ್ತಾರೆ. ಅದರ ಫಲವಾದ ಕೆ36 ಎಂಬ ಅಂಕಿ 8/24 ಅಂದರೆ 24 ಗಂಟೆಯಲ್ಲಿ ಶೇ. 8 ಎಣ್ಣೆ ಬೇರೆಯಾಯಿತು ಅಂತ. ಅಮೆರಿಕದ ಗೇರ್ ತಯಾರಕರ ಸಂಸ್ಥೆ ಎಜಿಎಂಎ ಈ ಗ್ರೀಸುಗಳನ್ನು ಸಿಜಿ-1, ಸಿಜಿ-2, ಸಿಜಿ-3 ಎಂದು ದರ್ಜೆ ಮಾಡಿತು.

ವೇಗದ ಟರ್ಬೈನ್‌ಗಳಲ್ಲಿ ಗ್ರೀಸ್ ಬೇಡವೆಂದು ಎಣ್ಣೆ ಹರಿಸಿದರು. ಕಪ್ಲಿಂಗ್ ಆ ಎಣ್ಣೆಯ ಕೊಳೆಯನ್ನೇ ಸೋಸಿ ಹಲ್ಲಿನಲ್ಲಿ ಕೂಡಿಹಾಕಿತು. ಕೊನೆಗೆ ಹಲ್ಲಿನ ಬದಲು ತೆಳು ಲೋಹದ ತಟ್ಟೆ ಬಾಗುವ, ಎಣ್ಣೆಯೇ ಬೇಡದ ಡಿಸ್ಕ್, ಡಯಾಫ್ರಂ ಕಪ್ಲಿಂಗ್‌ಗಳು ಆ ಜಾಗ ಹಿಡಿದವು. ಸ್ಟೀಲ್ ರೋಲಿಂಗ್ ಮಿಲ್ಲು, ಕ್ರೇನುಗಳಲ್ಲಿ ಗೇರ್ ಕಪ್ಲಿಂಗ್ ಇನ್ನೂ ಇದೆ. ಅಷ್ಟು ಚಿಕ್ಕ ಗಾತ್ರದಲ್ಲಿ ಅಷ್ಟು ಟಾರ್ಕ್ ಬೇರೆಯದು ಸಾಗಿಸುವುದು ಕಷ್ಟ.

ಅಲ್ಲೆಲ್ಲ ಗ್ರೀಸ್ ಗನ್ ಒತ್ತುವುದೇ ಸೇವೆ ಅಂತ ನಡೆದುಬಂದಿದೆ. ಎದುರಿನ ಪ್ಲಗ್ಗಿಂದ ಹೊಸ ಗ್ರೀಸ್ ಮೆತ್ತಗೆ ಹೊರಬರುತ್ತದೆ, ಕೆಲಸ ಮುಗಿಯಿತು ಅನಿಸುತ್ತದೆ. ಹಲ್ಲಿನ ಸಂದಿಯ ಹಳೇ ಮುದ್ದೆ ಮಾತ್ರ ಇದ್ದಲ್ಲೇ ಇರುತ್ತದೆ.